ದನಿಯನ್ನೇ ಕೇಳದ ದನಿ ಕೆಲಸ

ಸೋಮವಾರ, ಮಾರ್ಚ್ 3. ಬೆಳಗ್ಗೆ 8

ಇವತ್ತು ಉಪವಾಸ, ಮೌನ ಎರಡೂ. ಸಂಜೆ ದೀಪ ಹಚ್ಚುವವರೆಗೆ ನೀರು ಮಾತ್ರ. ಮಾತಿಲ್ಲ. ಕೊಡಗಳೆಲ್ಲ ತುಂಬಿಸಿದ್ದಾಯಿತು. ಎರಡೂ ಕೋಣೆ ಗುಡಿಸಿ ಒರೆಸಿದ್ದಾಯಿತು. ನಿನ್ನೆ ನೆನೆಹಾಕಿದ್ದ ಬಟ್ಟೆ ಹಿಂಡಿ ಟೆರೇಸಿನ ತಂತಿಗೆ ಹಾಕಿ ಬಂದೆ. ಮೆಟ್ಟಿಲ ಮೇಲೆ ಮೊಣಕಾಲು ಎರಡು ಸಲ ನನ್ನನ್ನು ಬೈದಿತು. ತಿರುಗಿ ಬೈಯಲಿಲ್ಲ — ವ್ರತ.

ನನ್ನ ನಾಲಿಗೆ ಕತ್ತರಿ ಎಂದು ನನಗೇ ಗೊತ್ತು. ವಾರಕ್ಕೊಂದು ದಿನ ಪೆಟ್ಟಿಗೆಯಲ್ಲಿಟ್ಟರೆ ದೇವರಿಗೂ ನೆಮ್ಮದಿ. ಒಳಗೇ ಕುದಿಯುವುದನ್ನು ಈ ಪುಸ್ತಕಕ್ಕೆ ಸುರಿಯುತ್ತೇನೆ.

ಕೆಳಗಿನ ಅಂಗಡಿಯ ಟೈಲರ್ ಮಾಸ್ತರು ಹನ್ನೊಂದು ಕೋಟು ಕಳಿಸಿದ್ದಾರೆ. ಅಂಚು ಮಶೀನಿನಲ್ಲಿ ಓಡಿಸಬೇಕು, ಕಾಜಾ ಹಾಕಿ ಗುಂಡಿ ಹೊಲಿಯಬೇಕು. ಬುಧವಾರದೊಳಗೆ.

ನಮ್ಮ ರೇಡಿಯೋ ಬೆಳಗ್ಗೆ ಆರಕ್ಕೇ ಶುರುವಾಗಿದೆ. ರೇಡಿಯೋ ಎಂದರೆ ನಾದಿನಿ. ಇವರು ಹೋದ ಮೇಲೆ ನಾನು, ಇವರ ತಂಗಿ ಇಬ್ಬರೇ. ಇಪ್ಪತ್ತು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳಿದವಳು. ಕಳೆದ ವರ್ಷದ ಕೊನೆಯಲ್ಲಿ ಅವಳನ್ನು ಮೂರು ದಿನ ಕೂರಿಸಿ ಎಲ್ಲಾ ಊರಿನ ಹೆಸರು, ಎಲ್ಲಾ ನಂಬರು ಓದಿಸಿ ರೆಕಾರ್ಡ್ ಮಾಡಿಕೊಂಡರು. ನಾಲ್ಕನೇ ದಿನ ಕೈಕುಲುಕಿ ಮನೆಗೆ ಕಳಿಸಿದರು. ಈಗ ಕಂಪ್ಯೂಟರು ಅವಳ ದನಿಯಲ್ಲೇ ಬಸ್ಸು ಕರೆಯುತ್ತದೆ. ಅವಳು ಮನೆಯಲ್ಲಿ ಕೂತು ನನ್ನನ್ನು ಕರೆಯುತ್ತಾಳೆ.

ಇವತ್ತು ಫೋನ್ ಹಿಡಿದುಕೊಂಡು ಮಗುವಿನ ಹಾಗೆ ಕುಣಿಯುತ್ತಾ ಬಂದಳು. "ಅತ್ತಿಗೆ, ಮನೇಲಿ ಕೂತು ದನಿ ಕೊಡೋ ಕೆಲಸ ಅಂತೆ! ಅವರು ಕಳಿಸಿದ್ದು ಓದಿ ರೆಕಾರ್ಡ್ ಮಾಡಿ ಕಳಿಸೋದು. ಬಸ್ ಸ್ಟ್ಯಾಂಡಲ್ಲಿ ಕೊಡ್ತಿದ್ದರಲ್ಲ, ಅದರ ಎರಡರಷ್ಟು ಸಂಬಳ. ಅರ್ಜಿ ಹಾಕಿಬಿಟ್ಟೆ. ಏನಂತೀರಾ?"

ಏನನ್ನಲಿ. ಸೋಮವಾರ.

ಬುಧವಾರ, ಮಾರ್ಚ್ 5

ಆಯ್ಕೆಯಾಯಿತಂತೆ! ಎರಡೇ ದಿನಕ್ಕೆ. ಫೋನಿಗೆ ಕಾಗದ ಬಂದಿದೆ — ಮೇಲೆ ದೊಡ್ಡ ಕಂಪನಿಯ ಹೆಸರು, ಕೆಳಗೆ ನೀಲಿ ಸೀಲು, ಸಹಿ. ರೇಡಿಯೋ ನಾಲ್ಕು ಸಲ ಜೋರಾಗಿ ಓದಿದಳು. ನಾನು ದೇವರ ಮುಂದೆ ಒಂದು ಬತ್ತಿ ಜಾಸ್ತಿ ಹಾಕಿದೆ.

ಕೆಲಸ ಹೋದ ಮೇಲೆ ಬಸ್ ನಿಲ್ದಾಣದ ಕಡೆಯ ರಸ್ತೆಗೇ ಹೋಗುತ್ತಿರಲಿಲ್ಲ ಅವಳು. ತರಕಾರಿಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡು. ಗಾಳಿ ಈ ಕಡೆ ಬೀಸಿದಾಗ ಅವಳದೇ ದನಿ ಕಿಟಕಿಗೆ ಬರುತ್ತದೆ. ಎದ್ದು ಕಿಟಕಿ ಹಾಕುತ್ತಾಳೆ. ನಾನು ಕಂಡೂ ಕಾಣದವಳ ಹಾಗೆ ಸೂಜಿಗೆ ದಾರ ಪೋಣಿಸುತ್ತೇನೆ.

ಇವತ್ತು ಕಿಟಕಿ ಹಾಕಲಿಲ್ಲ.

ರಿಜಿಸ್ಟ್ರೇಶನ್ ಅಂತ ಸ್ವಲ್ಪ ದುಡ್ಡು ಕಟ್ಟಿದ್ದಾಳಂತೆ. ಸ್ವಲ್ಪವೇ. ಇರಲಿ.

ಸೋಮವಾರ, ಮಾರ್ಚ್ 10. ಮಧ್ಯಾಹ್ನ

ಸೂಜಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ. ಉಪವಾಸಕ್ಕಲ್ಲ.

ಬೆಳಗ್ಗೆ ಹೊಸದಾಗಿ ಬಂದ ಒಂದು ಕೋಟಿನ ಅಂಚಿಗೆ ಗುಂಡುಪಿನ್ನು ಚುಚ್ಚುತ್ತಾ ಕೂತಿದ್ದೆ. ತುಟಿಯಲ್ಲಿ ಏಳೆಂಟು ಪಿನ್ನು. ರೇಡಿಯೋ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕಂಪನಿಯವರ ಮೈಕು, ಹೆಡ್‌ಫೋನು, ಲ್ಯಾಪ್‌ಟಾಪು ಎಲ್ಲಾ ಸೇರಿ ಒಂದು 'ಕಿಟ್' ಕೊಳ್ಳಬೇಕಂತೆ. ಅವರು ಹೇಳಿದ ಕಡೆಯೇ ಕೊಳ್ಳಬೇಕು. ಮೊದಲ ಸಂಬಳದ ಜೊತೆ ಪೂರ್ತಿ ದುಡ್ಡು ವಾಪಸ್. ಬೆಲೆ ಕೇಳಿ ಪಿನ್ನು ನುಂಗುವುದೊಂದು ಬಾಕಿ.

"ಅತ್ತಿಗೆ, ಅಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿದೆ. ಅಮ್ಮನ ಮಶೀನು ಕೊಟ್ಟುಬಿಡೋಣ ಅಂತ. ಒಂದು ತಿಂಗಳು ತಡ್ಕೊಳ್ಳಿ, ಸಂಬಳ ಬಂದ ತಕ್ಷಣ ಹೊಸದು ತಂದುಕೊಡ್ತೀನಿ, ಮೋಟಾರ್ ಇರೋದು! ನಿಮ್ಮ ಕಾಲಿಗೂ ಆರಾಮ. ಬೇಡ ಅಂದ್ರೆ ಬೇಡ ಅನ್ನಿ, ಈಗಲೇ ಅನ್ನಿ."

ಬೇಡ ಎನ್ನಲು ತಲೆ ಅಲ್ಲಾಡಿಸಿದೆ. ಪಿನ್ನು ಬೀಳದ ಹಾಗೆ ಮೆಲ್ಲಗೆ ಅಲ್ಲಾಡಿಸಿದೆ. ಅದು ಅವಳಿಗೆ ಹೂಂ ಎಂದ ಹಾಗೆ ಕಂಡಿತು. "ನಂಗೊತ್ತಿತ್ತು, ನೀವು ಬೇಡ ಅನ್ನಲ್ಲ ಅಂತ" ಎಂದು ನನ್ನ ತಲೆಗೆ ಮುತ್ತಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಪಿನ್ನು ಒಂದೊಂದಾಗಿ ತೆಗೆದು ಚೀಟಿ ಬರೆಯುವಷ್ಟರಲ್ಲಿ ಬೀದಿ ತಿರುವು ದಾಟಿದ್ದಳು.

ಹಳೇ ಸಾಮಾನಿನ ಅಂಗಡಿಯವರಿಂದ ಅಡ್ವಾನ್ಸ್ ತೆಗೆದುಕೊಂಡೇ ಬಂದಳು. ಮುಂದಿನ ಸೋಮವಾರ ಬಂದು ಒಯ್ಯುತ್ತಾರಂತೆ. ಉಳಿದ ದುಡ್ಡು ಆಗ.

ಮಂಗಳವಾರ, ಮಾರ್ಚ್ 11

ಮಾತು ಬಂದ ಕೂಡಲೇ ಹೇಳಿದೆ. "ಅದು ಹೂಂ ಅಲ್ಲ ಕಣೆ, ಊಹೂಂ."

ಅವಳ ಮುಖ ನೋಡಬೇಕಿತ್ತು. ಇಪ್ಪತ್ತು ವರ್ಷ ಸಾವಿರಾರು ಜನರಿಗೆ ದಾರಿ ಹೇಳಿದವಳು, ನಾಲ್ಕು ತಿಂಗಳು ನನ್ನ ಮುಂದೆ ಕೈಚಾಚಲು ನಾಚಿದವಳು. ಅಡ್ವಾನ್ಸ್ ವಾಪಸ್ ಕೊಟ್ಟು ಬರ್ತೀನಿ ಎಂದು ಎದ್ದಳು. ಬಾಗಿಲ ತನಕ ಹೋದಳು. ತಡೆದವಳು ನಾನೇ. ಮಶೀನು ಅತ್ತೆಯದು. ನನಗೆಷ್ಟೋ ಅವಳಿಗೂ ಅಷ್ಟೇ. ಅದು ಹೋದರೆ ಮನೆಗೆ ಕೆಲಸ ತರುವ ಹಾಗಿಲ್ಲ, ಈ ಮೊಣಕಾಲಿಟ್ಟುಕೊಂಡು ಮಾಸ್ತರ ಅಂಗಡಿಯ ನೆಲದ ಮೇಲೆ ದಿನವೆಲ್ಲಾ ಕೂರಬೇಕು. ಒಂದು ತಿಂಗಳಲ್ಲವೇ. ಕೂತರಾಯಿತು.

"ಇರಲಿ ಬಿಡು. ಕೊಡೋಣ" ಎಂದೆ.

ಅತ್ತಳು. ನಾನೂ.

ಗುರುವಾರ, ಮಾರ್ಚ್ 13

ಮುಗಿದ ಕೋಟುಗಳನ್ನು ಕೊಡಲು ಕೆಳಗೆ ಹೋಗಿದ್ದೆ. ಯಾರೋ ದೊಡ್ಡ ಮನುಷ್ಯ ಅವಸರದಲ್ಲಿ ಬಂದ. "ಮಾಸ್ತರೇ, ಅಳತೆ ಗಿಳತೆ ಬೇಡ, ಟೈಮಿಲ್ಲ. ಒಂದು ಅಂದಾಜಿನಲ್ಲಿ ಹೊಲಿದುಬಿಡಿ."

ಮಾಸ್ತರು ಟೇಪನ್ನು ಕೊರಳಿಂದ ತೆಗೆಯುತ್ತಾ ಕೇಳಿದರು. "ಯಾರಿಗೆ ಹೊಲೀಲಿ ಸ್ವಾಮಿ? ನಿಮಗೋ, ನಿಮ್ಮ ಮನೆ ಹ್ಯಾಂಗರಿಗೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೆಟ್ಟಿಲು ಹತ್ತುವಾಗ ನಗು ನಿಂತುಹೋಯಿತು. ಐದನೇ ಮೆಟ್ಟಿಲ ಮೇಲೆ ನಾನೂ ನಿಂತುಬಿಟ್ಟೆ.

ಇವಳ ಅಳತೆ ಯಾರು ತೆಗೆದುಕೊಂಡರು?

ದನಿ ಕೊಡುವ ಕೆಲಸ. ಇವಳ ದನಿಯನ್ನು ಅಲ್ಲಿ ಯಾರಾದರೂ ಕೇಳಿದರೇ? ದಪ್ಪವೋ, ಸಣ್ಣದೋ, ತೊದಲೋ, ಮೂಗಿನದೋ — ಒಂದು ಸಾಲು ಓದಿಸಿ ನೋಡಿದರೇ? ಮತ್ತೊಂದು. ಈ ಮೂವತ್ತು ವರ್ಷದಲ್ಲಿ ಎಷ್ಟು ಅಂಗಡಿಗೆ ಕೆಲಸ ಮಾಡಿದ್ದೇನೆ. ಬಟ್ಟೆ ಅವರದು, ದಾರ ಅವರದು, ಗುಂಡಿ ಅವರದು. ನನ್ನದು ಸೂಜಿ, ಮಶೀನು, ಕೈ. ಕೆಲಸ ಕೊಡುವ ಮೊದಲು "ನನ್ನ ಹತ್ತಿರವೇ ಬಟ್ಟೆ ಕೊಂಡುಕೋ, ಆಮೇಲೆ ಹೊಲಿಗೆ ಕೊಡುತ್ತೇನೆ" ಎಂದ ಮಾಸ್ತರನ್ನು ನಾನು ಕಂಡಿಲ್ಲ. ಅಂಥವನು ಬಟ್ಟೆ ವ್ಯಾಪಾರಿ. ಕೆಲಸ ಕೊಡುವವನಲ್ಲ.

ಮನೆಗೆ ಬಂದು ಕೇಳಿದೆ. "ಅವರು ನಿನ್ನ ದನಿ ಕೇಳಿದರೇನೇ?"

"ಪ್ರೊಫೈಲ್ ನೋಡಿದಾರೆ ಅತ್ತಿಗೆ. ಈಗೆಲ್ಲಾ ಹಂಗೇ."

"ಪ್ರೊಫೈಲ್ ಮಾತಾಡುತ್ತಾ?"

ಕತ್ತರಿ. ಕತ್ತರಿ ನನ್ನ ನಾಲಿಗೆ. ಅವಳು ಫೋನು ಕೆಳಗಿಟ್ಟು ಹೇಳಿದಳು. "ಮಶೀನು ಕೊಡೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿ. ನನ್ನ ಕೆಲಸಕ್ಕೆ ಯಾಕೆ ಕಲ್ಲು ಹಾಕ್ತೀರಾ."

ರೇಡಿಯೋ ಬಂದ್.

ಶನಿವಾರ, ಮಾರ್ಚ್ 15

ಇನ್ನೂ ಬಂದ್. ನೀರು ಬಂತು, ಗ್ಯಾಸ್ ಆರಿಸಿ, ಬೀಗ ಎಲ್ಲಿ — ಇಷ್ಟೇ ಮಾತು. ಈ ಮನೆಯ ಗೋಡೆಗಡಿಯಾರಕ್ಕೆ ಇಷ್ಟು ಸದ್ದಿದೆ ಎಂದು ಗೊತ್ತಿರಲಿಲ್ಲ.

ಸೋಮವಾರ, ಮಾರ್ಚ್ 17. ಸಂಜೆ 5

ದೇವರೇ, ಮೊದಲು ತಪ್ಪೊಪ್ಪಿಗೆ. ವ್ರತ ಮುರಿದೆ. ಚೂರುಪಾರಲ್ಲ, ಚೆನ್ನಾಗಿಯೇ ಮುರಿದೆ.

ಹನ್ನೊಂದಕ್ಕೆ ಹಳೇ ಸಾಮಾನಿನವರು ಹಮಾಲಿಯನ್ನು ಕರೆದುಕೊಂಡು ಬಂದರು. ಮಶೀನಿನ ತಲೆ ಬಿಚ್ಚಿ ಗೋಣಿಯಲ್ಲಿ ಸುತ್ತಿದರು. ಮಶೀನಿನ ಕಾಲು ಮೆಟ್ಟಿಲ ಹತ್ತಿರ ಹೋಯಿತು. ಆ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುಂಡನೆ ಕಲೆ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ರೇಡಿಯೋ ಬೆನ್ನು ತಿರುಗಿಸಿ ನಿಂತಿದ್ದಳು.

ಫೋನ್ ಬಂತು. ಇಷ್ಟು ದಿನ ಬರೀ ಮೆಸೇಜು ಕಳಿಸುತ್ತಿದ್ದ ಕಂಪನಿಯ ಎಚ್.ಆರ್. ಸಾಹೇಬ, ಇವತ್ತು ಮೊದಲ ಸಲ ದನಿ. ಎರಡು ಗಂಟೆಯೊಳಗೆ ದುಡ್ಡು ಹಾಕದಿದ್ದರೆ ಸೀಟು ಬೇರೆಯವರಿಗೆ ಎಂದ. ಇವಳು ಸ್ಪೀಕರಿಗೆ ಹಾಕಿದಳು — ನನಗೆ ಕೇಳಲಿ, ಕಂಪನಿ ಇದೆ ಎಂದು ನಂಬಲಿ ಅಂತ.

ನಂಬಲಿಲ್ಲ. ಫೋನಿನ ಹತ್ತಿರ ಹೋಗಿ ಬಾಯಿ ತೆರೆದೆ. ಬೆಳಗಿನಿಂದ ಬಳಸದ ಗಂಟಲು, ಮೊದಲು ಬರೀ ಗಾಳಿ ಬಂತು. ಆಮೇಲೆ ಮಾತು.

"ಸಾರ್, ನಾನು ಇವಳ ಅತ್ತಿಗೆ. ದುಡ್ಡು ಸಿದ್ಧ ಇದೆ. ಒಂದು ಮಾತು. ಕಿಟ್ ನೀವೇ ಕಳಿಸಿ, ಮೊದಲ ಸಂಬಳದಲ್ಲಿ ಮುರ್ಕೊಳ್ಳಿ. ಹೇಗೂ ವಾಪಸ್ ಕೊಡೋ ದುಡ್ಡೇ ತಾನೇ?"

"ಹಾಗೆ ಪಾಲಿಸಿ ಇಲ್ಲ ಮೇಡಮ್."

"ಹೋಗಲಿ. ಇಂಥದೇ ಮೈಕು, ಇಂಥದೇ ಲ್ಯಾಪ್‌ಟಾಪು ಅಂತ ಬರೆದುಕೊಡಿ, ನಮ್ಮ ಬೀದಿ ಅಂಗಡೀಲಿ ಬಿಲ್ಲು ಸಮೇತ ತರ್ತೀವಿ."

"ನಮ್ಮ ವೆಂಡರ್ ಹತ್ತಿರಾನೇ ತಗೋಬೇಕು ಮೇಡಮ್."

"ಆ ಅಂಗಡಿ ಎಲ್ಲಿದೆ? ನಿಮ್ಮ ಆಫೀಸಾದರೂ ಹೇಳಿ. ಬಸ್ ಹತ್ತಿ ಬಂದು ಕೈಯಾರೆ ಕಟ್ಟಿ, ರಸೀದಿ ತಗೊಂಡು ಹೋಗ್ತೀವಿ."

"ಆನ್‌ಲೈನ್ ಆಫೀಸು ಮೇಡಮ್. ನೀವು ಟೈಮ್ ವೇಸ್ಟ್ ಮಾಡ್ತಿದೀರಾ. ಇವರಿಗೆ ಕೆಲಸ ಬೇಕೋ ಬೇಡವೋ?"

ಆಗ ರೇಡಿಯೋ ತಿರುಗಿದಳು. ಮೆಲ್ಲಗೆ, ಬಹಳ ಮೆಲ್ಲಗೆ ಕೇಳಿದಳು. "ಸಾರ್, ನಾನು ಯಾವ ಕೆಲಸಕ್ಕೆ ಸೆಲೆಕ್ಟ್ ಆಗಿದೀನಿ?"

ಆ ಕಡೆ ಕಾಗದ ಸರಿಸುವ ಸದ್ದು. "ನಿಮ್ಮದು... ಟೈಪಿಂಗ್ ಅಲ್ವಾ ಮೇಡಮ್?"

ಹಮಾಲಿ ಮಶೀನಿನ ಕಾಲನ್ನು ಕೆಳಗಿಟ್ಟ. ನನ್ನ ನಾದಿನಿ ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು, ಫೋನನ್ನು ಮೈಕಿನಷ್ಟು ದೂರ ಹಿಡಿದಳು. ಆ ದನಿ! ನಾಲ್ಕು ತಿಂಗಳಿಂದ ಅವಳ ಬಾಯಲ್ಲಿ ಕೇಳದ ದನಿ.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ದುಡ್ಡಿಗಾಗಿ ಕಾಯುತ್ತಿರುವ ಸಾಹೇಬರು ದಯವಿಟ್ಟು ಗಮನಿಸಿ. ನೀವು ಕಾಯುತ್ತಿದ್ದ ಬಸ್ಸು ಹೊರಟು ಹೋಗಿದೆ. ಈ ಮಾರ್ಗದಲ್ಲಿ ಇನ್ನು ಯಾವ ಬಸ್ಸೂ ಬರುವುದಿಲ್ಲ."

ಕಟ್.

ಹಳೇ ಸಾಮಾನಿನವರು ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು. "ತಗೊಳ್ಳಮ್ಮಾ ನಿಮ್ಮ ಮಶೀನು. ಇನ್ನು ಇದನ್ನು ಒಯ್ದರೆ ನನಗೂ ಒಂದು ಅನೌನ್ಸ್‌ಮೆಂಟ್ ಆಗುತ್ತೆ." ಅಡ್ವಾನ್ಸ್ ವಾಪಸ್ ಪಡೆದು, ತಲೆಯನ್ನು ತಾವೇ ಕೂರಿಸಿ, ಕೀಲಿಗೆ ಎಣ್ಣೆ ಕೂಡ ಬಿಟ್ಟು ಹೋದರು.

ಅವರು ಹೋದ ಮೇಲೆ ರೇಡಿಯೋ ನನ್ನ ಕಾಲ ಹತ್ತಿರ ಕೂತಳು. "ಕಲ್ಲು ಹಾಕ್ತೀರಾ ಅಂದೆನಲ್ಲ ಅತ್ತಿಗೆ..."

ನಾನು ಬಾಯಿ ಮೇಲೆ ಬೆರಳಿಟ್ಟೆ. ಉಳಿದರ್ಧ ದಿನವಾದರೂ ವ್ರತ ನಡೆಯಲಿ.

ಬುಧವಾರ, ಮಾರ್ಚ್ 19

ಮುರಿದ ಮೌನಕ್ಕೆ ಬದಲಾಗಿ ನಿನ್ನೆ ಮೌನ ಇರೋಣವೆಂದುಕೊಂಡಿದ್ದೆ. ಆದರೆ ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಅಲ್ಲಿ ಮೌನವಾಗಿದ್ದರೆ ಅವರು ನನ್ನನ್ನೇ ಅನುಮಾನಿಸುತ್ತಿದ್ದರು. ಇವತ್ತು ಬೆಳಗ್ಗೆ ಅರ್ಧ ದಿನ ತೀರಿಸಿದೆ.

ಠಾಣೆಯ ಹೆಣ್ಣುಮಗಳು ಒಳ್ಳೆಯವಳು. ಇವಳು ಸಿಟ್ಟಿನಲ್ಲಿ ಮೆಸೇಜೆಲ್ಲಾ ಅಳಿಸಲು ಹೋಗಿದ್ದಳು. "ಅಯ್ಯೋ ಅಳಿಸಬೇಡಿ ಅಕ್ಕಾ, ಅದೇ ಸಾಕ್ಷಿ" ಎಂದು ಎಲ್ಲದರ ಫೋಟೋ ತೆಗೆದುಕೊಂಡಳು. ಆ ಕಾಗದದಲ್ಲಿರುವ ನಂಬರಿಗಲ್ಲ, ಕಂಪನಿಯ ನಿಜವಾದ ನಂಬರನ್ನು ಬೇರೆಯಾಗಿ ಹುಡುಕಿ ಫೋನ್ ಮಾಡಿಸಿದಳು. ನಿಜವಾದ ಕಂಪನಿಯವರು ಬೇಸತ್ತ ದನಿಯಲ್ಲಿ ಹೇಳಿದರು — ನಾವು ಹೀಗೆ ಮೆಸೇಜಿನಲ್ಲಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಈ ವಾರದಲ್ಲಿ ಕೇಳಿದವರಲ್ಲಿ ನೀವು ಹದಿನಾರನೆಯವರು.

ಹದಿನಾರು! ಕೇಳಿದವರೇ ಹದಿನಾರು. ಕೇಳದೆ ಕಟ್ಟಿದವರು?

ರಿಜಿಸ್ಟ್ರೇಶನ್ ದುಡ್ಡು ಸಿಗುವುದು ಕಷ್ಟವಂತೆ. ಹೋಗಲಿ. ಮಶೀನಿನ ಸದ್ದು ಕೇಳುತ್ತಾ ಬರೆಯುತ್ತಿದ್ದೇನೆ. ತುಳಿಯುತ್ತಿರುವವಳು ರೇಡಿಯೋ. ಹೊಲಿಗೆ ಹಾವಿನ ಹಾಗೆ ಹೋಗುತ್ತಿದೆ. ಬಿಚ್ಚಿ ಮತ್ತೆ ಹಾಕಬೇಕು. ಹಾಕಿದರಾಯಿತು.

ಶನಿವಾರ, ಮಾರ್ಚ್ 22

ಬರೆಯಲು ಕೂತರೆ ಕೈಗಿಂತ ಮುಂದೆ ಮನಸ್ಸು ಓಡುತ್ತಿದೆ.

ಠಾಣೆಯಿಂದ ಬಂದಾಗಿನಿಂದ ಅವಳಿಗೆ ಒಂದೇ ಜಪ, ಹದಿನಾರು ಹದಿನಾರು. ಇವತ್ತು ಬೆಳಗ್ಗೆ ಬಾಚಿಕೊಂಡು ಇಸ್ತ್ರಿ ಸೀರೆ ಉಟ್ಟು "ನಡೀರಿ ಅತ್ತಿಗೆ, ಬಸ್ ಸ್ಟ್ಯಾಂಡಿಗೆ" ಎಂದಳು. ಸುತ್ತು ದಾರಿಯಲ್ಲ, ನೇರ ದಾರಿ.

ಕಂಟ್ರೋಲರ್ ಇವಳನ್ನು ನೋಡಿ ಎದ್ದು ನಿಂತರು. ವಿಷಯ ಕೇಳಿ ಮತ್ತೆ ಕೂತರು. "ನೀವು ಈಗ ಸ್ಟಾಫ್ ಅಲ್ಲ. ಮೈಕು ಕೊಡೋಕೆ ನನಗೆ ಆರ್ಡರ್ ಇಲ್ಲ."

ಟಿಕೆಟ್ ಕೌಂಟರಿನಾಕೆ ಕಿಂಡಿಯಿಂದ ತಲೆ ಹಾಕಿದಳು. "ಸಾರ್, ನನ್ನ ಮಗಳೂ ಇಂಥದ್ದಕ್ಕೇ ಲ್ಯಾಪ್‌ಟಾಪ್ ದುಡ್ಡು ಕಳಕೊಂಡಿದ್ದು. ಮನೇಲಿ ಇನ್ನೂ ಹೇಳಿಲ್ಲ." ಹಿಂದಿನಿಂದ ಒಬ್ಬ ಡ್ರೈವರು, "ನನ್ನ ತಮ್ಮನೂ." ಕಂಟ್ರೋಲರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಐದು ನಿಮಿಷ" ಎಂದರು.

ಕಂಪ್ಯೂಟರಿನ ದನಿ ಮೂರನೇ ಪ್ಲಾಟ್‌ಫಾರ್ಮಿನ ಬಸ್ಸು ಕರೆಯುತ್ತಿತ್ತು. ಇವಳು ತನ್ನ ದನಿಯನ್ನು ತಾನೇ ಸ್ವಿಚ್ಚು ಒತ್ತಿ ನಿಲ್ಲಿಸಿದಳು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಇದು ಯಂತ್ರವಲ್ಲ, ನಾನೇ ಮಾತಾಡುತ್ತಿದ್ದೇನೆ. ಮನೆಯಲ್ಲೇ ಕೂತು ಮಾಡುವ ಕೆಲಸ ಕೊಡುತ್ತೇವೆ, ಮೊದಲು ನಮ್ಮಲ್ಲಿ ಸಾಮಾನು ಕೊಳ್ಳಿ ಎಂದು ಯಾರಾದರೂ ಹೇಳಿದರೆ, ಅದು ಕೆಲಸವಲ್ಲ, ಮೋಸ. ಸಂಬಳದಲ್ಲಿ ಮುರಿದುಕೊಳ್ಳಿ ಎಂದು ಕೇಳಿ ನೋಡಿ. ನನ್ನ ಕೆಲಸವನ್ನು ಪರೀಕ್ಷೆ ಮಾಡಿ ಎಂದು ಕೇಳಿ ನೋಡಿ. ನಾನು ಮೋಸ ಹೋಗಿದ್ದೆ. ನನ್ನನ್ನು ತಡೆದವರು ನಮ್ಮ ಅತ್ತಿಗೆ. ನಿಮ್ಮನ್ನು ತಡೆಯಲು ನಾನು ಬಂದಿದ್ದೇನೆ."

ಓಡುತ್ತಿದ್ದವರು ನಿಂತರು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಸುಮಾರು ಜನ. "ಅಕ್ಕಾ ವಾಪಸ್ ಬಂದರು ನೋಡೋ!" ಎಂದು ಕಡಲೆಕಾಯಿ ಮಾರುವವನು ಕೂಗಿದ. ಬ್ಯಾಗು ಹೊತ್ತ ಒಬ್ಬಳು ಹುಡುಗಿ ಮೈಕಿನ ಕೋಣೆಯ ಕಿಟಕಿಗೆ ಬಂದು ಫೋನ್ ತೋರಿಸಿದಳು. ಅದೇ ಸೀಲು, ಅದೇ ಸಹಿ. ಇವತ್ತು ಸಂಜೆ ಕಟ್ಟುವವಳಿದ್ದಳಂತೆ. ಬಳೆ ಅಡವಿಟ್ಟು. ಕೈ ನೋಡಿದೆ, ಬಳೆ ಇನ್ನೂ ಕೈಯಲ್ಲೇ ಇತ್ತು.

ಐದು ನಿಮಿಷ ಹದಿನೈದಾಯಿತು. ಕಂಟ್ರೋಲರ್ ಗಡಿಯಾರದ ಕಡೆ ನೋಡಲೇ ಇಲ್ಲ.

ಬರುವಾಗ ಕೇಳಿದೆ. "ನನ್ನ ವಿಷಯ ಯಾಕೆ ಎತ್ತಿದೆ, ಊರಿಗೆಲ್ಲಾ?"

"ಇಪ್ಪತ್ತು ವರ್ಷ ಬೇರೆಯವರು ಬರೆದುಕೊಟ್ಟಿದ್ದು ಓದಿದೀನಿ ಅತ್ತಿಗೆ. ಒಂದು ದಿನ ನಂದು."

ಶುಕ್ರವಾರ, ಮಾರ್ಚ್ 28

ಕಣ್ಣು ಕಾಣದ ಮಕ್ಕಳ ಶಾಲೆಯ ಪುಸ್ತಕ ವಿಭಾಗದವರು ಒಬ್ಬರು ಶನಿವಾರ ನಿಲ್ದಾಣದಲ್ಲಿ ನಿಂತಿದ್ದ ಒಂದು ಬಸ್ಸಿನಲ್ಲಿದ್ದರಂತೆ. ಕಂಟ್ರೋಲರ್ ಹತ್ತಿರ ವಿಳಾಸ ಕೇಳಿಕೊಂಡು ಮೊನ್ನೆ ಮೆಟ್ಟಿಲು ಹತ್ತಿ ಬಂದರು. ಮಕ್ಕಳಿಗೆ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವ ಕೆಲಸ. ಮನೆಯಲ್ಲೇ.

ನಾನು ನೇರವಾಗಿ ಕೇಳಿದೆ. "ಮೊದಲು ಏನು ಕೊಳ್ಳಬೇಕು?"

ಆಕೆ ನಕ್ಕರು. "ಏನೂ ಇಲ್ಲಮ್ಮ. ಯಂತ್ರ ಶಾಲೆಯದು, ಸಹಿ ಹಾಕಿ ತಗೋಬೇಕು, ಬಿಟ್ಟಾಗ ವಾಪಸ್ ಕೊಡಬೇಕು. ಆದರೆ ಮೊದಲು ದನಿ ಕೇಳಬೇಕು."

ನಿನ್ನೆ ಹೋಗಿ ಬಂದೆವು. ಶಾಲೆ ಇದೆ, ಬಾಗಿಲಿದೆ, ಬೆಂಚಿದೆ, ಬೆಂಚಿನ ಮೇಲೆ ಕೂತು ನೋಡಿದೆ. ಒಂದು ಪುಟ ಓದಿಸಿದರು. "ಬಸ್ಸಿನ ಹಾಗೆ ಓದಬೇಡಿ, ಯಾರೂ ಹೊರಟು ಹೋಗಲ್ಲ ಇಲ್ಲಿ" ಎಂದರು. ಮತ್ತೆ ಓದಿಸಿದರು. ಮೂರನೇ ಸಲಕ್ಕೆ ತಲೆಯಾಡಿಸಿದರು. ಹೂಂ ಎಂದೋ ಊಹೂಂ ಎಂದೋ — ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹೂಂ!

ಏಪ್ರಿಲ್ ಒಂದರಿಂದ. ಆದರೆ ಅವಳನ್ನು ದಿನವೂ ಕಂಡವರೊಬ್ಬರು ಅವಳ ಬಗ್ಗೆ ಬರೆದುಕೊಡಬೇಕಂತೆ. ಶಾಲೆಯಿಂದ ನನ್ನ ಹೆಸರಿಗೇ ಕಾಗದ ಬಂದಿದೆ. ಸೋಮವಾರ ಮೂರು ಗಂಟೆಯೊಳಗೆ ಉತ್ತರ ತಲುಪಬೇಕು. ನನ್ನ ಹೆಸರಿಗೆ ಇಂಥ ಕಾಗದ ಇದೇ ಮೊದಲು.

ಸೋಮವಾರ, ಮಾರ್ಚ್ 31. ಮಧ್ಯಾಹ್ನ 1

ಬೆಳಗಿನಿಂದ ನಾಲ್ಕು ಹಾಳೆ ಹರಿದೆ. ಮೊದಲನೆಯದರಲ್ಲಿ ಬರೀ ಹೊಗಳಿಕೆ, ನನಗೇ ನಂಬಿಕೆ ಬರಲಿಲ್ಲ. ಎರಡನೆಯದು ಬೈಗುಳ. ಐದನೆಯದು ನಿಂತಿತು.

"ಇವಳು ನನ್ನ ನಾದಿನಿ. ಬಹಳ ಮಾತಾಡುತ್ತಾಳೆ. ನಿಮ್ಮ ಕೆಲಸಕ್ಕೆ ಅದು ಒಳ್ಳೆಯದು. ಸುಳ್ಳು ಹೇಳಿದರೆ ಅವಳ ದನಿ ಒಡೆಯುತ್ತದೆ, ಅದಕ್ಕೇ ಹೇಳುವುದಿಲ್ಲ. ಒಮ್ಮೆ ಮೋಸ ಹೋಗಿದ್ದಾಳೆ. ಅದನ್ನು ಮುಚ್ಚಿಡದೆ ನೂರಾರು ಜನರ ಮುಂದೆ ತಾನೇ ಹೇಳಿಕೊಂಡಿದ್ದಾಳೆ. ನಿಮ್ಮ ಮಕ್ಕಳು ಅವಳ ದನಿಯನ್ನು ನಂಬಬಹುದು. ನಾನು ನಂಬಿದ್ದೇನೆ."

ಸಹಿ ಹಾಕಿದೆ. ಲಕೋಟೆ ಅಂಟಿಸಿದೆ. ಅವಳು ಕಾಣಬಾರದು, ಕಂಡರೆ ಅಳುತ್ತಾಳೆ, ಅತ್ತರೆ ನಾಳೆಗೆ ಗಂಟಲು ಕೆಡುತ್ತದೆ. ಮೊಣಕಾಲು ಇವತ್ತು ಮೆಟ್ಟಿಲಿಗೆ ಒಪ್ಪುತ್ತಿಲ್ಲ. ಕೂಗಿ ಕರೆಯುವ ಹಾಗೂ ಇಲ್ಲ. ಈ ಹಾಳೆಯ ಕೆಳಗಿನ ತುಂಡು ಹರಿದು, ದಾರಕ್ಕೆ ಕಟ್ಟಿ ಕಿಟಕಿಯಿಂದ ಅಂಗಡಿಗೆ ಇಳಿಸುತ್ತೇನೆ —

ಮಾಸ್ತರೇ, ಮೂರು ಗಂಟೆಯೊಳಗೆ ಶಾಲೆಗೆ ತಲುಪಬೇಕು. ಯಾರನ್ನಾದರೂ ಮೇಲೆ ಕಳಿಸಿ, ನನ್ನ ಉತ್ತರ ಮಶೀನಿನ ಮೇಲೆಯೇ ಇದೆ, ಬಂದು ಒಯ್ಯಲಿ.